ಬಾಟಲಿ ತೊಳೆಯಲು ಬಂದ ನರ್ಸಬಾಯಿ

ಹೋದ ತಿಂಗಳು ನಮ್ಮ ಓಣಿಗೆ ಕಂಬಳಿ ಮಾರಲು ತಿಕೋಂಡಿ ಕಡೆಯ ಮನುಷ್ಯನೊಬ್ಬ ಬಂದಿದ್ದ. ನಾನು ಹಳೆಯ ಕಂಪೌಂಡರ್ ಎಂದು ಗೊತ್ತಾದ ಕೂಡಲೇ ಕಂಬಳಿಯ ಮಾತು ಬಿಟ್ಟು ಕಟ್ಟೆಯ ಮೇಲೆ ಕೂತ. “ನಿಮ್ಮ ನರ್ಸಬಾಯಿ ಹೋದ್ರರಿ. ತುಂಬಿದ ಜೀವ. ಹೋಗೂ ದಿನ ಮುಂಜಾನಿ ಸೊಸಿ ಗುಳಿಗಿ ಕೊಟ್ರ, ಅಂಗೈಮ್ಯಾಗ ಹಾಕ್ಕೊಂಡು ಎಣಿಸಿ, ‘ಒಂದು ಕಮ್ಮಿ ಐತಿ ನೋಡವ್ವಾ’ ಅಂದ್ರಂತ” ಎಂದ.

ಸಾವಿನ ಸುದ್ದಿ ಕೇಳಿ ನಗಬಾರದು. ಆದರೆ ನಾನು ನಕ್ಕೆ. ನಾನು ಎಣಿಸಿ ಕೊಟ್ಟ ಗುಳಿಗೆಗಳನ್ನು ನನ್ನ ಕಣ್ಣೆದುರೇ ಮತ್ತೊಮ್ಮೆ ಎಣಿಸುತ್ತಿದ್ದ ಹೆಣ್ಣುಮಗಳು ಅವರು. ಹತ್ತು ವರ್ಷ ಆ ಎಣಿಕೆಯನ್ನು ನೋಡಿ ನೋಡಿ ಸಿಟ್ಟಾಗಿದ್ದೇನೆ. ಯಮನೇ ಬಂದರೂ ಚೀಟಿ ನೋಡಿ, ಹೆಸರು ಸರಿಯಿದೆಯೋ ಇಲ್ಲವೋ ಎಂದು ಖಾತ್ರಿ ಮಾಡಿಕೊಂಡೇ ಹೊರಟಿರಬೇಕು ಎನಿಸಿತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. “ಹೆಸರು ಹಾಜರಿ ಪುಸ್ತಕದಾಗ ಇದ್ರ ಸಾಕ್ರಿ” ಎನ್ನುವುದು ಅವರದೇ ಮಾತು. ಊರಿಗೆಲ್ಲ ಅವರು ನರ್ಸಬಾಯಿ. ಆದರೆ ಆ ‘ನರ್ಸ’ ಎನ್ನುವುದು ಅವರಿಗೆ ಸಲೀಸಾಗಿ ಸಿಗಲಿಲ್ಲ. ಸಿಗದಂತೆ ಮಾಡಲು ಹೊರಟವರಲ್ಲಿ ನಾನೂ ಒಬ್ಬ. ಅದಕ್ಕೇ ಈ ಬರಹ.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಮಹಾರಾಷ್ಟ್ರದ ಜತ್ತದಿಂದ ಒಂದು ತಾಸಿನ ಬಸ್ಸಿನ ದಾರಿಯಲ್ಲಿದ್ದ ನಮ್ಮೂರಲ್ಲಿ ನಾಲ್ಕು ಜನ ವ್ಯಾಪಾರಸ್ಥರು ಸೇರಿ ಒಂದು ಧರ್ಮಾರ್ಥ ದವಾಖಾನೆ ನಡೆಸುತ್ತಿದ್ದರು. ವಾರಕ್ಕೆ ಎರಡು ದಿನ ಜತ್ತದಿಂದ ಡಾಕ್ಟರು ಬರುತ್ತಿದ್ದರು. ಅವರು ಮರಾಠಿ ಮಾತಾಡುವ, ಕಡಿಮೆ ನಗುವ ಮನುಷ್ಯ. ಉಳಿದ ಐದು ದಿನ ನಾನೇ ಡಾಕ್ಟರು. ಅಂದರೆ, ಹಾಗೆಂದು ನಾನು ತಿಳಿದುಕೊಂಡಿದ್ದೆ. ಮ್ಯಾಟ್ರಿಕ್ ಪಾಸಾದವನು ನಾನು. ಮೂರು ಸಲ ಕೂತು ಪಾಸಾದವನು. ಒಂದೇ ಸಲಕ್ಕೆ ಪಾಸಾದವರಿಗೆ ಮ್ಯಾಟ್ರಿಕ್ಕಿನ ಬೆಲೆ ಏನು ಗೊತ್ತು?

ನನ್ನ ಇನ್ನೊಂದು ಹೆಮ್ಮೆ ಡೋಸಿನ ಪಟ್ಟಿ. ಆಗಿನ ಔಷಧಿ ಎಂದರೆ ದೊಡ್ಡ ಜಾಡಿಯಿಂದ ಬಾಟಲಿಗೆ ಸುರಿದು ಕೊಡುವ ಕೆಂಪು ನೀರು. ಬಾಟಲಿಯ ಹೊರಮೈಗೆ ಉದ್ದಕ್ಕೆ ಒಂದು ಕಾಗದದ ಪಟ್ಟಿ ಅಂಟಿಸುತ್ತಿದ್ದೆವು. ಅದರ ಅಂಚನ್ನು ಗರಗಸದ ಹಾಗೆ ಹಲ್ಲು ಹಲ್ಲಾಗಿ ಕತ್ತರಿಸಿರಬೇಕು. ಔಷಧಿ ಒಂದು ಹಲ್ಲು ಇಳಿದರೆ ಒಂದು ಡೋಸು. ಓದಲು ಬಾರದವರಿಗೂ ತಿಳಿಯಲಿ ಎಂದು ಮಾಡಿದ ಉಪಾಯ. ಹೊಸ ಕಾಗದ ತುಟ್ಟಿ, ಆದ್ದರಿಂದ ಒಂದೇ ಮಗ್ಗಲು ಬರೆದ ಹಳೆಯ ಕಾಗದಗಳನ್ನು ಕೂಡಿಡುತ್ತಿದ್ದೆ. ಬರೆದ ಮಗ್ಗಲು ಗಾಜಿಗೆ, ಬಿಳಿಯ ಮಗ್ಗಲು ಹೊರಗೆ. ನನ್ನಷ್ಟು ಚಂದ ಪಟ್ಟಿ ಕತ್ತರಿಸುವವರು ಇಡೀ ತಾಲೂಕಿನಲ್ಲಿ ಇರಲಿಲ್ಲ ಎಂದು ಈಗಲೂ ಹೇಳುತ್ತೇನೆ.

ದವಾಖಾನೆಗೆ ಒಬ್ಬ ನರ್ಸು ಬೇಕೆಂದಾಗ ಕಮಿಟಿಯವರ ಕಣ್ಣಿದ್ದದ್ದು ಮಿರಜದ ದೊಡ್ಡ ಆಸ್ಪತ್ರೆಯ ಮೇಲೆ. ಅಲ್ಲಿ ಕಲಿತವರೆಂದರೆ ಆಗ ಬಂಗಾರದ ತೂಕ. ಮಿರಜದಿಂದ ಒಬ್ಬಳು ಬಂದಳು ಕೂಡ. ಬಸ್ಸಿನಿಂದ ಇಳಿದು, ಊರನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿ, ಅದೇ ಬಸ್ಸು ತಿರುಗಿ ಹೊರಡುವಾಗ ಹತ್ತಿ ಹೋದಳು. ಇಡೀ ಊರು ನೋಡಲು ಆಕೆಗೆ ಕತ್ತು ತಿರುಗಿಸುವಷ್ಟೇ ಹೊತ್ತು ಹಿಡಿಯಿತು.

ಮರುವಾರ ಬಂದವರು ಇವರು. ಇಪ್ಪತ್ತೆರಡರ ಆಸುಪಾಸು. ಬಿಳಿ ಸೀರೆ, ಕೈಯಲ್ಲೊಂದು ಅರಿವೆಯ ಚೀಲ. ಜೊತೆಗೆ ಬಂದಿದ್ದ ತಂದೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಹೊರಗೆ ಬೇವಿನ ಗಿಡದ ಕೆಳಗೇ ಕುಳಿತರು. ಎಷ್ಟು ಕರೆದರೂ ಒಳಗೆ ಬರಲಿಲ್ಲ. ಕಮಿಟಿಯವರು ಜಮಖಾನೆಯ ಮೇಲೆ ಕೂತಿದ್ದರು. ಅಧ್ಯಕ್ಷರು ಅರಿವೆ ಅಂಗಡಿಯ ಸಾವಕಾರರು. ಅವರು ಸರ್ಟಿಫಿಕೇಟನ್ನು ಅರಿವೆಯ ನೇಯ್ಗೆ ನೋಡುವ ಹಾಗೆ ಬೆರಳಲ್ಲಿ ತಿಕ್ಕಿ ನೋಡಿದರು.

“ಮ್ಯಾಟ್ರಿಕ್ ಆಗೇತೇನು?”

“ಇಲ್ರಿ. ಏಳನೇತ್ತಾ ಮುಲ್ಕಿ ಪಾಸ್ ಆಗೇನ್ರಿ.”

“ಮರಾಠಿ ಸಾಲ್ಯಾಗ?”

“ಕನ್ನಡ ಸಾಲ್ಯಾಗರಿ. ಆಮ್ಯಾಲ ವಿಜಾಪುರದಾಗ ಎರಡು ವರ್ಷ ನರ್ಸಿಂದು ಕಲ್ತೀನ್ರಿ.”

“ಅಂದ್ರ ಮೈಸೂರು ರಾಜ್ಯದ ಸರ್ಟಿಫಿಕೀಟು. ನಮ್ಮದು ಮಹಾರಾಷ್ಟ್ರ.” ಸಾವಕಾರರು ಸರ್ಟಿಫಿಕೇಟನ್ನು ಜಮಖಾನೆಯ ಮೇಲಿಟ್ಟರು. “ನಿಮ್ಮಪ್ಪ ಏನ್ ಮಾಡ್ತಾನವಾ?”

“ಕುರಿ ಅದಾವ್ರಿ.”

“ನೋಡವಾ, ಇಲ್ಲಿ ಮಂದೀಗೆ ಸೂಜಿ ಹಾಕೂದು ಐತಿ. ಕುರಿಗಲ್ಲ.”

ಜಮಖಾನೆಯ ಮೇಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು, ಜಮಖಾನೆಯ ಮೇಲೆ ಜಾಗವಿಲ್ಲದೆ ಬಾಗಿಲ ಬಳಿ ನಿಂತಿದ್ದ ನಾನು. ನಗು ಮುಗಿದ ಮೇಲೆ ಆಕೆ ಹೇಳಿದರು: “ಕುರೀಗೆ ಬಾಯಿಲ್ರಿ. ಎಲ್ಲಿ ನೋಯ್ತೈತಿ ಅಂತ ನಾವ ಹುಡುಕಬೇಕು. ಮಂದಿ ತಾವ ಹೇಳ್ತಾರ. ಮಂದೀದು ಸಸಾರ ಐತ್ರಿ.”

ಈ ಮಾತಿಗೆ ಯಾರೂ ನಗಲಿಲ್ಲ. ಆದರೆ ಮನಸ್ಸೂ ಬದಲಿಸಲಿಲ್ಲ. ಬೇರೆ ಯಾರೂ ಬರುವವರಿಲ್ಲವಲ್ಲ ಎಂದು ಮೂರು ತಿಂಗಳಿಗೆ ಹಂಗಾಮಿಯಾಗಿ ಇಟ್ಟುಕೊಂಡರು. ಸೂಜಿ ಮುಟ್ಟಬಾರದು, ಔಷಧಿ ಕೊಡಬಾರದು. ಸಿರಿಂಜು ಕುದಿಸಬೇಕು, ನೆಲ ಒರೆಸಬೇಕು, ತಿರುಗಿ ಬಂದ ಬಾಟಲಿ ತೊಳೆಯಬೇಕು. ಮೂರು ತಿಂಗಳಾದ ಮೇಲೆ ಈಕೆ ಕೆಲಸಕ್ಕೆ ಯೋಗ್ಯಳೋ ಅಲ್ಲವೋ ಎಂದು ಕಂಪೌಂಡರ್ ಮರಾಠಿಯಲ್ಲಿ ವರದಿ ಬರೆಯಬೇಕು. ಎರಡು ವರ್ಷ ಕಲಿತು ಬಂದ ಹೆಣ್ಣುಮಗಳ ಮೊದಲ ನೌಕರಿ ನನ್ನ ಒಂದು ಹಾಳೆಯ ಮೇಲೆ ನಿಂತಿತು. ನಾನು ಅಂದು ಅಂಗಿಯ ಕಾಲರು ಸರಿಮಾಡಿಕೊಂಡದ್ದು ನೆನಪಿದೆ.

ಹೊರಗೆ ತಂದೆ, “ಏನಂದ್ರವಾ?” ಎಂದು ಕೇಳಿದರು. “ಬರ್ರಿ ಅಂದ್ರು” ಎಂದಷ್ಟೇ ಹೇಳಿದರು ಮಗಳು. ಮುದುಕ ಕೋಲೂರಿ ಎದ್ದು, ನನಗೂ ದವಾಖಾನೆಯ ಬಾಗಿಲಿಗೂ ಒಂದೊಂದು ನಮಸ್ಕಾರ ಮಾಡಿ ಹೋದರು.

ಅವರು ಬಾಟಲಿ ತೊಳೆಯುತ್ತಿದ್ದುದನ್ನು ನೋಡಬೇಕಿತ್ತು. ಬೂದಿ ಹಾಕಿ ಒಳಗೆ ಉಜ್ಜಿ, ಕುದಿನೀರಲ್ಲಿ ಜಾಲಿಸಿ, ಬೋರಲು ಹಾಕಿ ಒಣಗಿಸಿ, ಕಡೆಗೆ ಒಂದೊಂದನ್ನೇ ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಹೊರಮೈಯ ಪಟ್ಟಿ ಕೆಟ್ಟಿದ್ದರೆ ಅದನ್ನು ಕೆರೆದು ತೆಗೆದು ಇನ್ನೊಮ್ಮೆ ತೊಳೆಯುವುದು. ಚಲೋ ಇದ್ದರೆ ಅದನ್ನು ನೆನೆಯಗೊಡದೆ ಹಾಗೇ ಉಳಿಸುವುದು. ಆ ಕೆಲಸದಲ್ಲಿ ಅವಮಾನವಿದೆ ಎಂದು ಅವರ ಮುಖ ಒಂದು ದಿನವೂ ಹೇಳಲಿಲ್ಲ. ಇದರಿಂದಲೂ ನನಗೆ ಸಿಟ್ಟೇ ಬಂತು. ಅವಮಾನ ಮಾಡಿದವರಿಗೆ ಅದು ತಲುಪಿದ ರಸೀದಿಯಾದರೂ ಬೇಡವೇ?

ಎರಡು ತಿಂಗಳಾದ ಮೇಲೆ ಒಂದು ಸಂತೆಯ ದಿನ ನನ್ನ ಮೇಜಿನ ಬಳಿ ಬಂದು ನಿಂತರು. ಕೈಯಲ್ಲಿ ಎರಡು ಬಾಟಲಿ.

“ಕಂಪೌಂಡರ್ ಸಾಹೇಬ್ರ, ಇವು ನಿನ್ನೆ ಕೊಟ್ಟ ಬಾಟ್ಲಿ. ಇವತ್ತ ಖಾಲಿ ಬಂದಾವ್ರಿ.”

ಅದು ನನಗೂ ಗೊತ್ತಿತ್ತು. ಊರಿಂದೂರಿಗೆ ಅಲೆಯುವ ಕುರಿಗಾರರ ಬಾಟಲಿಗಳು ಯಾವಾಗಲೂ ಹಾಗೇ. ನಾಲ್ಕು ದಿನದ ಔಷಧಿಯನ್ನು ಒಂದೇ ಗುಟುಕಿಗೆ ಕುಡಿದುಬಿಡುತ್ತಾರೆ ಎಂದು ನಾನು ಅವರನ್ನು ಬೈಯುತ್ತಲೇ ಇದ್ದೆ. ಅವರು ತಲೆ ಕೆರೆದುಕೊಂಡು ನಗುತ್ತಿದ್ದರು.

“ಅವ್ರು ಕುಡದಿಲ್ರಿ. ಸೋರೆ ಬುರುಡ್ಯಾಗ ಸುರಕೊಂಡು ಹೋಗ್ಯಾರ. ಸಾಮಾನೆಲ್ಲ ಕುದರಿಮ್ಯಾಗ ಹೇರ್ತಾರ, ಗಾಜು ಉಳಿಯೂದಿಲ್ಲಲ್ರಿ. ನಿಮ್ಮ ಪಟ್ಟಿ ಇಲ್ಲೇ ಉಳೀತು. ಎಷ್ಟು ಕುಡಿಸಬೇಕು ಅಂತ ಅವ್ರಿಗೆ ಹ್ಯಾಂಗ ತಿಳೀಬೇಕು?”

ನನ್ನ ಪಟ್ಟಿಗೆ ಬಂದ ಮಾತು ನನ್ನ ಮೂಗಿಗೆ ಬಂದ ಹಾಗಾಯಿತು. “ನಿನ್ನ ಕೆಲಸ ಬಾಟ್ಲಿ ತೊಳ್ಯೂದು. ಏಳನೇತ್ತಾ ಕಲ್ತಾಕಿ ನನಗ ಡೋಸ್ ಕಲಸಬ್ಯಾಡ” ಎಂದೆ. ಅವರು ಬಾಟಲಿ ಎತ್ತಿಕೊಂಡು ಹೋದರು. ಆ ಮಧ್ಯಾಹ್ನವೇ ನಾನು ವರದಿ ಬರೆದೆ. ಇನ್ನೂ ತಿಂಗಳು ಬಾಕಿಯಿತ್ತು, ಆದರೆ ಸಿಟ್ಟು ಬಿಸಿಯಾಗಿತ್ತು. ಒಂದು ಮಗ್ಗಲು ತುಂಬ ಬರೆದು, ಕಡೆಗೆ ಜವಾಬ್ದಾರಿಯ ಕೆಲಸಕ್ಕೆ ‘ಯೋಗ್ಯ ನಾಹೀ’, ಯೋಗ್ಯಳಲ್ಲ, ಎಂದು ಸಹಿ ಹಾಕಿ ಮೇಜಿನ ಖಾನೆಯಲ್ಲಿಟ್ಟೆ.

ಹದಿನೈದು ದಿನವೂ ಆಗಿರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಕುರಿಗಾರರ ಹೆಣ್ಣುಮಗಳೊಬ್ಬಳು ಕೂಸನ್ನು ಸೆರಗಲ್ಲಿ ಸುತ್ತಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಕೂಸು ಏಳುತ್ತಿಲ್ಲ. ಹಿಂದಿನ ದಿನ ನಾನೇ ಕೊಟ್ಟ ಕೆಮ್ಮಿನ ಔಷಧಿ, ನಿದ್ದೆ ತರಿಸುವಂಥದ್ದು. ಡಾಕ್ಟರು ಬರುವ ದಿನವೇ ಅದು, ಆದರೆ ಬಸ್ಸು ಬರಲು ಇನ್ನೂ ಎರಡು ತಾಸಿತ್ತು. ಎಷ್ಟು ಕುಡಿಸಿದಿ ಎಂದು ಕೇಳಿದರೆ ತಾಯಿ ಅಳುತ್ತ ‘ಇಷ್ಟು’ ಎಂದು ಅಂಗೈ ತೋರಿಸಿದಳು. ನನ್ನ ಚಂದದ ಪಟ್ಟಿ ಅಂಟಿದ ಆ ಬಾಟಲಿ ಹಿಂದಿನ ದಿನವೇ ಖಾಲಿಯಾಗಿ ತಿರುಗಿ ಬಂದು, ತೊಳೆದು ಬೋರಲು ಹಾಕಿದ್ದು ಗೋಡೆಯ ಮಾಡದಲ್ಲೇ ಇತ್ತು.

ನರ್ಸಬಾಯಿ ನನ್ನ ಅಪ್ಪಣೆಗೆ ಕಾಯಲಿಲ್ಲ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಎದೆಯ ಮೇಲೆ ಕೈಯಿಟ್ಟು ಉಸಿರು ನೋಡಿದರು. ಅಂಗಾಲಿಗೆ ಬೆರಳಿಂದ ಹೊಡೆದರು. ಕೂಸು ಮುಖ ಕಿವುಚಿತು. “ಅಳಲಿ. ಅತ್ರ ಚಲೋ” ಎಂದರು. ನಂತರ ತಾಯಿಗೆ, “ಬುರುಡಿ ಎಲ್ಲೈತಿ ತಂಗಿ? ಕುಡಿಸಿದ್ದು ಯಾತರಾಗ?” ಎಂದು ಕೇಳಿದರು. ಗಂಟಿನಿಂದ ಸೋರೆ ಬುರುಡೆ ಬಂತು, ಕೂಸಿಗೆ ಹಾಲು ಹಾಕುವ ಹಿತ್ತಾಳೆಯ ಒಳಲೆಯೂ ಬಂತು. ಬುರುಡೆಯಲ್ಲಿ ಉಳಿದಿದ್ದನ್ನು ಔನ್ಸಿನ ಗ್ಲಾಸಿಗೆ ಬಗ್ಗಿಸಿ ಅಳೆದರು. ಒಳಲೆಗೆ ನೀರು ತುಂಬಿ ಅದನ್ನೂ ಅಳೆದರು. “ಹೊಸಾ ಬುರುಡಿ ಆಗಿದ್ರ ಒಂದೀಟು ತಾನೂ ಕುಡೀತಿತ್ತು. ಇದು ಹಳೇದು, ಎಣ್ಣಿ ಕುಡದದ್ದು. ಲೆಕ್ಕ ತಪ್ಪೂದಿಲ್ಲ” ಎಂದು ತಮಗೆ ತಾವೇ ಹೇಳಿಕೊಳ್ಳುತ್ತ, ಚೀಟಿಯ ಮೇಲೆ ಬರೆದು ನನ್ನ ಮೇಜಿನ ಮೇಲಿಟ್ಟರು. ಒಂದು ಸಲಕ್ಕೆ ಕೊಡಬೇಕಾದ ಔಷಧಿಯ ಮೂರು ಪಟ್ಟು ಕೂಸಿನ ಹೊಟ್ಟೆಗೆ ಹೋಗಿತ್ತು. ಎರಡು ತಾಸು ಆ ಕೂಸನ್ನು ಮಲಗಗೊಡದೆ, ಉಸಿರು ಎಣಿಸುತ್ತ ಕೂತರು. ನಾನು ಬಾಗಿಲಿಗೂ ರಸ್ತೆಗೂ ತಿರುಗಿದೆ. ಮ್ಯಾಟ್ರಿಕ್ ಪಾಸಾದವನ ಕೈಲಾದದ್ದು ಅಷ್ಟೇ.

ಡಾಕ್ಟರು ಬಂದರು. ಚೀಟಿ ನೋಡಿದರು. ಕೂಸನ್ನು ನೋಡಿದರು. ಏನೋ ಮಾಡಿದರು, ಸಂಜೆಯ ಹೊತ್ತಿಗೆ ಅದು ಹಾಲು ಕುಡಿದು ಕೈಕಾಲು ಬಡಿಯತೊಡಗಿತು. ಎಷ್ಟು ಹೋಗಿದೆ ಎಂದು ಗೊತ್ತಿದ್ದದ್ದು ದೊಡ್ಡ ಉಪಕಾರವಾಯಿತು ಎಂದರು. ನಂತರ, ಎಂದೂ ನಗದ ಆ ಮನುಷ್ಯ ನನ್ನ ಬೆನ್ನು ತಟ್ಟಿ, “ಶಾಬ್ಬಾಸ್ ಕಂಪೌಂಡರ್!” ಎಂದರು.

ಚೀಟಿ ನನ್ನ ಮೇಜಿನ ಮೇಲಿತ್ತು. ಔನ್ಸಿನ ಗ್ಲಾಸೂ ಅಲ್ಲೇ ಇತ್ತು. ನಾನು ಸುಮ್ಮನಿದ್ದೆ. ನರ್ಸಬಾಯಿ ಅಲ್ಲೇ ನಿಂತಿದ್ದರು. “ಹಾಸಗಿ ಅರಿವಿ ಒಗೀತೀನ್ರಿ” ಎಂದು ಒಳಗೆ ಹೋದರು.

ಸುಳ್ಳು ಹೇಳಲಿಲ್ಲ ನಾನು, ಸುಮ್ಮನಿದ್ದೆ ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಮರುದಿನದಿಂದ ಕತ್ತರಿ ನನ್ನ ಮಾತು ಕೇಳಲಿಲ್ಲ. ಪಟ್ಟಿಯ ಹಲ್ಲುಗಳು ಒಂದು ದೊಡ್ಡದು, ಒಂದು ಸಣ್ಣದು, ಮುದುಕನ ಬಾಯಿಯ ಹಾಗೆ.

ಕಮಿಟಿಯ ಸಭೆ ಸೇರಿತು. ಡಾಕ್ಟರೂ ಬಂದಿದ್ದರು. ಸಾವಕಾರರ ಕೈಯಲ್ಲಿ ಹೊಸದೊಂದು ಅರ್ಜಿ ಇತ್ತು: ಮಿರಜದಲ್ಲಿ ಕಲಿತವಳು, ಮ್ಯಾಟ್ರಿಕ್, ಮರಾಠಿ ಶಾಲೆ. “ಹಂಗಾಮಿ ಬಾಯಿನ್ನ ಬಿಡೋಣು. ಕಂಪೌಂಡರ, ನಿನ್ನ ವರದಿ ಕೊಡಪಾ” ಎಂದರು.

ವರದಿ ನನ್ನ ಕಿಸೆಯಲ್ಲಿತ್ತು. ಕೈ ಕಿಸೆಯವರೆಗೂ ಹೋಯಿತು. ಹೊರಗೆ ಪಡಸಾಲೆಯಲ್ಲಿ ಬಾಟಲಿಗಳ ಸಪ್ಪಳ ಕೇಳುತ್ತಿತ್ತು. ತನ್ನ ನೌಕರಿಯ ತೀರ್ಮಾನ ಒಳಗೆ ನಡೆದಿರುವಾಗ ಆಕೆ ಬಾಟಲಿ ತೊಳೆಯುತ್ತಿದ್ದರು. ನನಗೆ ನಾಚಿಕೆಯಾಯಿತು. ಇದಕ್ಕಿಂತ ದೊಡ್ಡ ಮಾತು ಹೇಳಲು ನನಗೆ ಬರುವುದಿಲ್ಲ.

“ವರದಿ ಬರದಿಲ್ರಿ, ಬಾಯಿಲೇ ಹೇಳ್ತೀನಿ. ಡಾಕ್ಟರ್ ಸಾಹೇಬ್ರ, ಅವತ್ತ ನೀವು ನನಗ ಶಾಬ್ಬಾಸ್ ಅಂದ್ರಿ. ಅದು ನಂದಲ್ರಿ. ಔಷಧಿ ಅಳದಾಕಿ ಆ ಬಾಯಿ. ಕೂಸಿನ್ನ ಹಿಡಕೊಂಡು ಕುಂತಾಕೀನೂ ಅಕೀನ. ಕುರಿಗಾರರು ಔಷಧಿ ಬುರುಡ್ಯಾಗ ಒಯ್ತಾರ ಅಂತ ಮೊದಲ ಹೇಳಿದ್ಲು. ನಾ ಬೈದು ಕಳಿಸಿದ್ದೆ.”

ಎಲ್ಲರೂ ನನ್ನ ಮುಖ ನೋಡಿದರು. ಡಾಕ್ಟರು ಮರಾಠಿಯಲ್ಲಿ, ಈಕೆಯೇ ಇರಲಿ ಎಂದರು. “ಆದ್ರ ಸಾಹೇಬ್ರ, ಮ್ಯಾಟ್ರಿಕ್ ಇಲ್ಲಲ್ರಿ?” ಎಂದರು ಸಾವಕಾರರು. ಡಾಕ್ಟರು ನನ್ನತ್ತ ಕೈ ತೋರಿಸಿದರು. “ಮ್ಯಾಟ್ರಿಕ್ ಒಬ್ಬ ಇದ್ದಾನಲ್ಲ, ಸಾಕು” ಎಂದರು.

ಅಂದಿನಿಂದ ಅವರು ನರ್ಸಬಾಯಿ. ಅದೇ ಸಂಜೆ ನಾನು ಕಿಸೆಯ ವರದಿಯನ್ನು ತೆಗೆದು, ಒಲೆಗೆ ಹಾಕಲು ಹೊರಟವನು, ಕಾಗದ ಚಲೋ ಇದೆಯಲ್ಲ ಎಂದು ಸಾಲು ಹಿಡಿದು ಉದ್ದುದ್ದ ಕತ್ತರಿಸಿ ಪಟ್ಟಿ ಮಾಡಿದೆ. ಅವತ್ತು ಕತ್ತರಿ ನೆಟ್ಟಗೆ ನಡೆಯಿತು.

ಆಮೇಲಿನ ಹತ್ತು ವರ್ಷ ನೆನೆದರೆ ಈಗಲೂ ಮನಸ್ಸು ತುಂಬುತ್ತದೆ. ಕುರಿಗಾರರ ಹೆಣ್ಣುಮಕ್ಕಳಿಗೆಲ್ಲ ಅವರು ಒಳಲೆ ತರಲು ಹೇಳಿದರು. ಡೋಸು ಅಳೆದು ಹಾಕಿ, ಅದು ನಿಂತ ಮಟ್ಟಕ್ಕೆ ಒಳಗೆ ಮೊಳೆಯಿಂದ ಒಂದು ಗೆರೆ ಗೀಚಿ ಕೊಡುತ್ತಿದ್ದರು. “ಬಾಟ್ಲಿ ಇಲ್ಲೇ ಉಳೀತೈತಿ, ಒಳಲಿ ಕೂಸಿನ ಸಂಗಟ ಹೋಗ್ತೈತಿ” ಎನ್ನುತ್ತಿದ್ದರು. ಇಷ್ಟು ಸಣ್ಣ ಮಾತು ನನಗೆ ಹೊಳೆದಿರಲಿಲ್ಲ. ಡಾಕ್ಟರಿಗೂ ಹೊಳೆದಿರಲಿಲ್ಲ. ನಾವಿಬ್ಬರೂ ಬಹಳ ಕಲಿತವರು.

ಸಾವಕಾರರಿಗೆ ವಯಸ್ಸಾದಂತೆ ಸೂಜಿಯ ಭಯ ಹೆಚ್ಚಿತು. ನರ್ಸಬಾಯಿಯ ಕೈಯಲ್ಲದೆ ಬೇರೆಯವರ ಕೈಯ ಸೂಜಿ ಬೇಡ ಎನ್ನುತ್ತಿದ್ದರು. ಅವರು ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದಾಗ ನರ್ಸಬಾಯಿ ಮೆಲ್ಲಗೆ ಹೇಳುತ್ತಿದ್ದರು: “ಹೆದರಬ್ಯಾಡ್ರಿ ಸಾವಕಾರ್ರ, ಇದು ಮಂದೀ ಸೂಜೀನ ಐತಿ.” ಸಾವಕಾರರು ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದರು. ನಗು ಮುಗಿಯುವಷ್ಟರಲ್ಲಿ ಸೂಜಿಯೂ ಮುಗಿದಿರುತ್ತಿತ್ತು.

ಖಾಸಗಿಯಾಗಿ ಮ್ಯಾಟ್ರಿಕ್ಕಿಗೆ ಕೂತುಬಿಡಿ ಎಂದು ನಾನು ಎಷ್ಟೋ ಸಲ ಹೇಳಿದೆ. ಪುಸ್ತಕವನ್ನೂ ತಂದುಕೊಟ್ಟೆ. “ಮ್ಯಾಟ್ರಿಕ್ ಆದ್ರ ಬಿ.ಎ. ಎಲ್ಲೈತಿ ಅಂತಾರ ಬಿಡ್ರಿ ಅಣ್ಣಾರ. ಕೇಳಾವ್ರ ಬಾಯಿಗೆ ತಳ ಇಲ್ಲ” ಎಂದು ಆ ಪುಸ್ತಕವನ್ನು ಅಲುಗುವ ಮೇಜಿನ ಕಾಲಿಗೆ ಇಟ್ಟರು. ಹೌದು, ಅಷ್ಟರಲ್ಲಿ ನಾನು ‘ಅಣ್ಣಾರ’ ಆಗಿದ್ದೆ. ನಾನೂ ಏಕವಚನ ಬಿಟ್ಟಿದ್ದೆ. ಗುಣವೆಲ್ಲ ಬಂಗಾರ ಎನ್ನಲಾರೆ. ಹಟಮಾರಿ. ನಾನು ತೊಳೆದದ್ದನ್ನು ಮತ್ತೆ ತೊಳೆಯುವುದು, ನಾನು ಎಣಿಸಿದ್ದನ್ನು ಮತ್ತೆ ಎಣಿಸುವುದು. ಒಂದು ಸಲ ಗುಳಿಗೆ ಕಡಿಮೆ ಬಂದದ್ದು ನಿಜ. ಆದರೆ ಒಂದೇ ಸಲ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅವರಿಗೆ ತಮ್ಮೂರ ಬದಿಯಲ್ಲೇ ಸರಕಾರಿ ನೌಕರಿ ಸಿಕ್ಕಿತು. ಅಷ್ಟರಲ್ಲಿ ಆ ಕಡೆಯ ಶಾಲಾ ಮಾಸ್ತರರೊಬ್ಬರ ಜೊತೆ ಮದುವೆಯೂ ಆಗಿತ್ತು. ಬೀಳ್ಕೊಡಲು ನಾನು ಬಸ್ಸಿನವರೆಗೆ ಹೋದೆ. ಸೀಟಿನಲ್ಲಿ ಕೂತು, ಕಿಟಕಿಯಿಂದ ಕರೆದರು.

“ಅಣ್ಣಾರ, ಒಂದ ಮಾತು ಕೇಳ್ತೀನಿ. ಸಿಟ್ಟಾಗಬಾರ್ದು.”

“ಕೇಳ್ರಿ.”

“ನಾ ಕಾಯಂ ಆದ ಮ್ಯಾಲ ಒಂದ ದಿನ, ಯಳವಿ ಊರಿನ ಮುದುಕನ ಬಾಟ್ಲಿ ತೊಳದು ಬಿಸಿಲಿಗೆ ಹಿಡದೆ. ಒಳಗಿಂದ ನಿಮ್ಮ ಅಕ್ಷರ ಕಂಡ್ವು. ‘ಯೋಗ್ಯ ನಾಹೀ’ ಅಂತ ಬರದಿತ್ತು.”

ಬರೆದ ಮಗ್ಗಲು ಗಾಜಿಗೆ. ಔಷಧಿ ತುಂಬಿದಾಗ ಕಾಣುವುದಿಲ್ಲ. ಆದರೆ ತೊಳೆದ ಬಾಟಲಿಯನ್ನು ಬಿಸಿಲಿಗೆ ಹಿಡಿದರೆ ಅದು ಕನ್ನಡಕದ ಹಾಗೆ. ಹಿಡಿಯುತ್ತಿದ್ದವರು ಊರಿಗೆಲ್ಲ ಅವರೊಬ್ಬರೇ.

“ನಿಮಗ... ಮರಾಠಿ ಓದಾಕ...”

“ಕನ್ನಡ ಸಾಲಿಗೆ ಹೋದ್ರ ಮರಾಠಿ ಬರೂದಿಲ್ಲೇನ್ರಿ? ನಮ್ಮೂರ ಬಸ್ಸಿನ ಬೋರ್ಡ್ ಯಾವುದರಾಗ ಐತಿ?” ನಕ್ಕರು. “ಒಂದೊಂದ ಬಾಟ್ಲಿ ಬಂದ್ಹಾಂಗ ಒಂದೊಂದ ಸಾಲು ಓದಿದೆ. ಪೂರಾ ಓದಾಕ ಹದಿನೈದು ದಿನ ಹಿಡೀತು.”

“ಹತ್ತು ವರ್ಷ ಯಾಕ ಅನ್ಲಿಲ್ರಿ?”

“ಏನ್ ಅನ್ನೂದ್ರಿ? ಬರದಾವ್ರು ನೀವ, ಕತ್ತರಿಸಿದಾವ್ರೂ ನೀವ. ಕತ್ತರಿಸಿದ್ದ ನನಗ ಸಾಕಾತು.” ಬಸ್ಸು ಗುರುಗುಟ್ಟತೊಡಗಿತು. ಅವರು ಕಿಟಕಿಗೆ ಇನ್ನಷ್ಟು ಬಾಗಿದರು. “ಆದ್ರ ಒಂದ ಬಾಟ್ಲಿ ಡಫಳಾಪುರದ ಕಡೆ ಹೋದದ್ದು ತಿರುಗಿ ಬರ್ಲೇ ಇಲ್ಲ. ನಡುವಿಂದ ಒಂದ ಸಾಲು ಕಡಿಮಿ ಬಿತ್ತು. ಹತ್ತು ವರ್ಷ ಆತು, ತಲ್ಯಾಗ ಉಳಕೊಂಡೈತಿ. ಅದರಾಗ ಏನ್ ಬರದಿದ್ರಿ?”

ಮರೆತಿರಲಿಲ್ಲ. ಬರೆದವನಿಗೆ ಮರೆಯುವುದಿಲ್ಲ.

“ಬಾಟ್ಲಿ ಮಾತ್ರ ಭಾಳ ಚಲೋ ತೊಳೀತಾಳ, ಅದರಾಗ ತಪ್ಪು ತಗ್ಯಾಕ ಬರೂದಿಲ್ಲ ಅಂತ ಬರದಿದ್ದೆ” ಎಂದೆ.

ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವ ಹಾಗೆ. “ನೋಡ್ರಿ ಅಣ್ಣಾರ! ಇಡೀ ಕಾಗದದಾಗ ಒಂದ ಖರೇ ಮಾತು ಬರದಿದ್ರಿ. ಅದ ಕಳೀತು!”

ಕಂಡಕ್ಟರ್ ಗಂಟೆ ಬಾರಿಸಿದ. ಬಸ್ಸು ಬೇವಿನ ಗಿಡ ದಾಟಿ ತಿರುಗುವವರೆಗೂ ಅವರು ನಗುತ್ತಲೇ ಇದ್ದುದು ಕಿಟಕಿಯಲ್ಲಿ ಕಾಣುತ್ತಿತ್ತು. ನಾನು ದವಾಖಾನೆಗೆ ಬಂದು, ಅವತ್ತಿನ ಬಾಟಲಿಗಳನ್ನು ನಾನೇ ತೊಳೆದು, ಒಂದೊಂದನ್ನೇ ಬಿಸಿಲಿಗೆ ಹಿಡಿದು ನೋಡಿದೆ.